ಗಾಂಧಾರ 14 ಸೆಂಟ್ ಇಳಿದ ರಾತ್ರಿ

ಕಾಗವಾಡ
ಶನಿವಾರ ರಾತ್ರಿ

ಪ್ರೀತಿಯ ಗೆಳೆಯರೆ,

ನಿಪ್ಪಾಣಿಯಿಂದ ನಿಮ್ಮ ಪತ್ರ ಬಂದು ಹದಿನೈದು ದಿನವಾಯಿತು. "ಹೊಸಾ ಕ್ಯಾಸಿಯೊ ತಂದೀರಂತ, ಹೆಂಗೈತಿ ಬರೀರಿ. ನಮ್ಮ ಭಜನಿ ಮ್ಯಾಳಕ್ಕೂ ಒಂದ ತಗೊಳ್ಳೂ ವಿಚಾರ ನಡದೈತಿ" ಎಂದು ಕೇಳಿದ್ದಿರಿ. ಓದಿದ ದಿನವೇ ಪೆನ್ನು ಹಿಡಿದಿದ್ದೆ, ನಾಲ್ಕು ಸಾಲಿಗೆ ನಿಲ್ಲಿಸಿದೆ. ಹೊಸ ವಾದ್ಯ ಮನೆಗೆ ಬಂದ ವಾರ ಕಿವಿಗೆ ಎಲ್ಲವೂ ಸಿಹಿ. ಆ ಸಿಹಿಯಲ್ಲಿ ಬರೆದ ಮಾತು ನಂಬಿ ನೀವು ಮೇಳದ ದುಡ್ಡು ಹಾಕಿಬಿಟ್ಟರೆ ಆ ಭಾರ ನನ್ನ ಮೇಲೆ. ಅದಕ್ಕೇ ಇಷ್ಟು ರಾತ್ರಿ ಅದರ ಮುಂದೆ ಕೂತು, ಒಂದು ಕಾರ್ಯಕ್ರಮಕ್ಕೂ ಒಯ್ದು ಬಂದು, ಈಗ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಮಾತು. ನಮ್ಮ ಕಡೆ ಕರೀ ಪಟ್ಟಿ ಬಿಳೀ ಪಟ್ಟಿ ಇದ್ದು ಕರೆಂಟಿನ ಮೇಲೆ ನುಡಿಯುವುದೆಲ್ಲ ಕ್ಯಾಸಿಯೊ. ಆ ಕಂಪನಿಯ ಮೊದಲ ಕೀಬೋರ್ಡು ಕ್ಯಾಸಿಯೊಟೋನ್ 201 ಬಂದದ್ದು 1980ರಲ್ಲಿ. ಆಮೇಲೆ ಅದರ ಸಣ್ಣ ಕೀಬೋರ್ಡುಗಳು ಊರೂರು ಸೇರಿ, ಒಂದು ಕಂಪನಿಯ ಹೆಸರು ಇಡೀ ಕುಲದ ಹೆಸರಾಯಿತು. ನಾನು ತಂದದ್ದು ಆ ಕುಲದಲ್ಲೇ ಬೇರೆ ಮನೆತನ. ಅಂಗಡಿಯವರು ಅದನ್ನು ವರ್ಕ್‌ಸ್ಟೇಷನ್ ಎನ್ನುತ್ತಾರೆ. ಆ ಮಾತನ್ನು ಎಲ್ಲರ ಬಾಯಲ್ಲಿ ನಿಲ್ಲಿಸಿದ್ದು ಜಪಾನಿನ ಕಾರ್ಗ್ ಕಂಪನಿಯ ಎಂ1, 1988ರಲ್ಲಿ. ನಿಜವಾದ ವಾದ್ಯಗಳಿಂದ ಹಿಡಿದಿಟ್ಟ ಧ್ವನಿಗಳು, ನುಡಿಸಿದ್ದನ್ನು ನೆನಪಿಟ್ಟು ತಿರುಗಿ ನುಡಿಸುವ ಎಂಟು ಟ್ರ್ಯಾಕಿನ ಸೀಕ್ವೆನ್ಸರ್, ಗುಡಿಯ ಗುಂಗು, ಬಾವಿಯ ಪ್ರತಿಧ್ವನಿ ಕೊಡುವ ಇಫೆಕ್ಟು, ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ಆ ಧ್ವನಿಗಳನ್ನೆಲ್ಲ ಅವರು 4 ಎಂಬಿಯೊಳಗೆ ಹಿಡಿಸಿದ್ದರು. ಇವತ್ತು ಫೋನಿನಲ್ಲಿ ತೆಗೆದ ಒಂದು ಫೋಟೊ ಅಷ್ಟು ಜಾಗ ತಿನ್ನುತ್ತದೆ. ಒಂದು ಕಾಲದ ಎಷ್ಟೋ ಸಿನಿಮಾ ಹಾಡುಗಳ ಪಿಯಾನೊ, ಪಿಟೀಲಿನ ಹಿಂಡು ಇಂಥ ಪೆಟ್ಟಿಗೆಗಳಿಂದಲೇ ನಮ್ಮ ರೇಡಿಯೊಗೆ ಬಂದವು.

ನನ್ನದರಲ್ಲಿ 61 ಪಟ್ಟಿ, 16 ಟ್ರ್ಯಾಕು, ಒಮ್ಮೆಗೆ 128 ಸ್ವರ ನುಡಿಯುವ ಶಕ್ತಿ. ತೂಕ ಸುಮಾರು ಏಳು ಕಿಲೊ, ನಮ್ಮ ಹಾರ್ಮೋನಿಯಂ ಪೇಟಿಗಿಂತ ಹಗುರ. ಕಂಪನಿಯ ಹೆಸರು ಬರೆಯುತ್ತಿಲ್ಲ. ಕಾರ್ಗ್, ಯಮಹಾ, ರೋಲ್ಯಾಂಡ್ ಮೂವರೂ ಈ ಬಗೆಯದನ್ನು ಮಾಡುತ್ತಾರೆ. ನಾನು ಹೇಳಬೇಕಾದ ಮಾತು ಯಾವುದನ್ನು ಕೊಂಡರೂ ಹೊಂದುವಂಥದ್ದು.

ತರುವ ದಿನ ಇಬ್ಬರು ಒಟ್ಟಿಗೆ ಮನೆಗೆ ಬಂದರು ಎನ್ನಬೇಕು. ಕಬ್ಬಿನ ಬಿಲ್ಲು ಕೈಗೆ ಬಂದ ಮೇಲೆ ಕೊಲ್ಹಾಪುರಕ್ಕೆ ಹೋಗಿ ಕೀಬೋರ್ಡು ತೆಗೆದುಕೊಂಡೆ. ಬರುವಾಗ ಮೀರಜದಲ್ಲಿ ಇಳಿದೆ. ಅಪ್ಪನ ತಂಬೂರಿಯನ್ನು ಅಲ್ಲಿ ಜವಾರಿಗೆ, ಅಂದರೆ ಕುದುರೆ ಹದ ಮಾಡಿಸಲು, ಬಿಟ್ಟಿದ್ದೆ. ಮೀರಜದ ಆ ಗಲ್ಲಿ ನಿಮಗೆ ಗೊತ್ತೇ ಇದೆ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ನೂರೈವತ್ತು ವರ್ಷಕ್ಕೂ ಹಿಂದೆ ತಂತಿವಾದ್ಯಕ್ಕೆ ಕೈಹಾಕಿದರು. ಪಂಢರಪುರದ ಕಡೆ ಬೆಳೆಯುವ ದೊಡ್ಡ ಸೋರೆಬುರುಡೆ ತರಿಸಿ, ಒಣಗಿಸಿ, ಕೊರೆದು ತಂಬೂರಿ ಮಾಡುತ್ತಾರೆ. 2024ರಲ್ಲಿ ಮೀರಜದ ಸಿತಾರಿಗೂ ತಂಬೂರಿಗೂ ಜಿಐ ಟ್ಯಾಗ್ ಸಿಕ್ಕಿತು. ನಾನು ಹೋದಾಗ ಅಲ್ಲಿನ ಅಜ್ಜ ಆ ತಂಬೂರಿಯ ಕುದುರೆಯ ಮೇಲೆ ಕಾನಸು ಆಡಿಸುತ್ತಿದ್ದ. ಒಂದು ಸಲ ಉಜ್ಜುವುದು, ತಂತಿ ಮೀಟುವುದು, ಕಿವಿ ಹತ್ತಿರ ತರುವುದು. ಕೊನೆಗೆ ತಂತಿಯ ಕೆಳಗೆ ಹತ್ತಿಯ ದಾರದ ಎಳೆ ಇಟ್ಟು ಕೂದಲೆಳೆಯಷ್ಟು ಸರಿಸಿದ. ಅಲ್ಲಿಯವರೆಗೆ ಬರೀ ತಂತಿಯಾಗಿದ್ದದ್ದು ಜೇನುಗೂಡಿನಂತೆ ಗುಂಯ್‌ಗುಟ್ಟಿತು. ಆ ದಾರಕ್ಕೆ ಅವರು ಇಟ್ಟ ಹೆಸರೇ ಜೀವಾ.

ಮ್ಹೈಸಾಳ ದಾಟಿ ಗಡಿ ದಾಟಿ ಮನೆಗೆ ಬರುವಾಗ ಹಿಂದಿನ ಸೀಟಿನಲ್ಲಿ ಆ ತಂಬೂರಿ, ಅದರ ಪಕ್ಕ ಥರ್ಮೊಕೋಲಿನಲ್ಲಿ ಸುತ್ತಿದ ಈ ಪೆಟ್ಟಿಗೆ. ಅವೆರಡರ ನಡುವಿನ ಮಾತುಕತೆಯೇ ಮುಂದೆ ಹದಿನೈದು ದಿನದ ಕತೆಯಾಗುತ್ತದೆಂದು ಆಗ ನನಗೆ ಹೊಳೆದಿರಲಿಲ್ಲ.

ಮೊದಲ ರಾತ್ರಿ ಮನೆಮಂದಿಯೆಲ್ಲ ಸುತ್ತ ಕೂತರು. ಗುಂಡಿ ಒತ್ತಿದ ಮೇಲೆ ಎಚ್ಚರಾಗಲು ಅದಕ್ಕೆ ಇಪ್ಪತ್ತು ಸೆಕೆಂಡು ಬೇಕು. (ಈ ಇಪ್ಪತ್ತು ಸೆಕೆಂಡು ನೆನಪಿಡಿ, ಮುಂದೆ ಬರುತ್ತದೆ.) ಮೊದಲು ನುಡಿದದ್ದು ಪಿಯಾನೊ. ಮೆಲ್ಲಗೆ ಮುಟ್ಟಿದರೆ ದೂರದ ಗಂಟೆಯಂತೆ, ಜೋರಾಗಿ ಹೊಡೆದರೆ ಎದೆಗೆ ಬಡಿಯುವಂತೆ. ಒಂದೇ ಪಟ್ಟಿಯ ಹಿಂದೆ ಮೆಲುದನಿ, ನಡುದನಿ, ಗಟ್ಟಿದನಿ ಹೀಗೆ ಬೇರೆಬೇರೆ ಪದರ ಇಟ್ಟಿರುತ್ತಾರೆ, ಬೆರಳಿನ ವೇಗ ನೋಡಿ ಯಂತ್ರ ಆರಿಸಿಕೊಳ್ಳುತ್ತದೆ. ಪಿಟೀಲಿನ ತಂಡ, ಚರ್ಚಿನ ಆರ್ಗನ್ನು, ಬಿದಿರಿನ ಕೊಳಲು. ಅವ್ವ ಕೊಳಲು ಕೇಳಿ "ಇನ್ನೊಮ್ಮೆ ನುಡಸ" ಎಂದಳು. ಪಿಚ್ ಬೆಂಡಿನ ಚಕ್ರ ತಿರುಗಿಸಿ ನಿಷಾದದಿಂದ ಷಡ್ಜಕ್ಕೆ ಎಳೆದಾಗ ನನಗೂ ಕಣ್ಣು ತೇವವಾಯಿತು. ಮೂವತ್ತು ವರ್ಷ ಪೇಟಿ ನುಡಿಸಿದವನಿಗೆ ಮೀಂಡು ಎಂದರೆ ದೂರದಿಂದ ನೋಡುವ ಹೊಳೆ. ಪೇಟಿಯಲ್ಲಿ ಪಟ್ಟಿಯಿಂದ ಪಟ್ಟಿಗೆ ಹಾರಬೇಕು, ಜಾರಲು ಬಾರದು. ಆ ರಾತ್ರಿ ಮೊದಲ ಸಲ ಹೊಳೆಯಲ್ಲಿ ಕಾಲಿಟ್ಟೆ.

ಆಮೇಲೆ ಹಾರ್ಮೋನಿಯಂ ಧ್ವನಿ ಹುಡುಕಿ ತೆಗೆದೆ. ಅಲ್ಲಿ ಮನಸ್ಸು ಕುಗ್ಗಿತು.

ಧ್ವನಿ ಪೇಟಿಯದೇ, ಅದರಲ್ಲಿ ಎರಡು ಮಾತಿಲ್ಲ. ಯಾರೋ ಒಳ್ಳೆಯ ಪೇಟಿಯನ್ನು ಒಳ್ಳೆಯ ಮೈಕಿನ ಮುಂದೆ ಇಟ್ಟು ಹಿಡಿದಿದ್ದಾರೆ, ಪಟ್ಟಿ ಬಿಡುವಾಗಿನ ಟಕ್ ಸಪ್ಪಳ ಸಹ ಇದೆ. ಆದರೆ ಅದರಲ್ಲಿ ಉಸಿರಿಲ್ಲ. ನಮ್ಮ ಪೇಟಿಯಲ್ಲಿ ಬಲಗೈ ಹಾಡುತ್ತದೆ, ಎಡಗೈ ಉಸಿರಾಡುತ್ತದೆ. ತಿದಿಯನ್ನು ಎಷ್ಟು ಒತ್ತಿದೆ, ಎಲ್ಲಿ ತಡೆದೆ, ಸಾಲಿನ ಕೊನೆಗೆ ಹೇಗೆ ಬಿಟ್ಟೆ ಎಂಬುದರಲ್ಲೇ ಅರ್ಧ ಸಂಗೀತ. ಯಂತ್ರದ ಪೇಟಿ ಸಮನಾದ ಗಾಳಿಯಲ್ಲಿ ಹಿಡಿದದ್ದು. ವಚನ ಹಾಡುವವರು ಒಂದು ಶಬ್ದದ ಮೇಲೆ ದನಿ ತಗ್ಗಿಸಿದಾಗ ಅದು ತಗ್ಗುವುದಿಲ್ಲ, ಗೋಡೆಯಂತೆ ನಿಂತೇ ಇರುತ್ತದೆ.

ನಮ್ಮೂರಿನ ಮಣ್ಣಿಗೆ ಈ ಎಡಗೈಯ ಮಾತು ಹೊಸತಲ್ಲ ನೋಡಿ. ಪಂಡಿತ ರಾಮಭಾವು ಬಿಜಾಪುರೆ ಹುಟ್ಟಿದ್ದು ಇದೇ ಕಾಗವಾಡದಲ್ಲಿ, 1917ರ ಜನವರಿ 7ರಂದು. ಬೆಳಗಾವಿಯಲ್ಲಿ ನೆಲೆಸಿ, ಶ್ರೀರಾಮ ಸಂಗೀತ ಮಹಾವಿದ್ಯಾಲಯ ಕಟ್ಟಿ, ತಲೆಮಾರುಗಳಿಗೆ ಪೇಟಿ ಕಲಿಸಿದರು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿಯಂಥವರಿಗೆ ಸಾಥ್ ಕೊಟ್ಟರು. 2010ರಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ತಾರುಣ್ಯದಲ್ಲಿ, 1940ರಲ್ಲಿ, ಆಕಾಶವಾಣಿ ಹಾರ್ಮೋನಿಯಂಗೆ ಬಾಗಿಲು ಹಾಕಿತು. ಪರದೇಶದ ವಾದ್ಯ, ಅದರ ಸ್ವರಗಳು ನಮ್ಮ ರಾಗಕ್ಕೆ ಹೊಂದುವುದಿಲ್ಲ, ಮೀಂಡು ಬರುವುದಿಲ್ಲ ಎಂಬುದು ಆಗಿನ ದೂರು. ಬಾಗಿಲು ಸ್ವಲ್ಪ ತೆರೆದದ್ದು 1971ರಲ್ಲಿ. ನಮ್ಮ ಭಜನೆಯ ಪ್ರಾಣ ಎಂದು ಇವತ್ತು ನಾವು ಹೇಳುವ ಪೇಟಿ 1840ರ ದಶಕದಲ್ಲಿ ಪ್ಯಾರಿಸಿನಲ್ಲಿ ಹುಟ್ಟಿ, 1875ರ ಸುಮಾರಿಗೆ ಕಲಕತ್ತೆಯ ದ್ವಾರಕಾನಾಥ ಘೋಷರ ಕೈಯಲ್ಲಿ ನೆಲದ ಮೇಲೆ ಕೂತು ನುಡಿಸುವ ವಾದ್ಯವಾಯಿತು. ಅದೂ ಒಂದು ಕಾಲಕ್ಕೆ ಹೊಸ ಯಂತ್ರವೇ. ಕಾಲಿನಿಂದ ಒತ್ತುತ್ತಿದ್ದ ತಿದಿಯನ್ನು ನಾವು ಎಡಗೈಗೆ ತಂದುಕೊಂಡೆವು, ಆಗ ಅದು ನಮ್ಮದಾಯಿತು.

ಇದನ್ನು ಯೋಚಿಸುತ್ತ ಕೂತಾಗ ದಾರಿ ಸಿಕ್ಕಿತು. ಪೆಟ್ಟಿಗೆಯ ಹಿಂದೆ ಎಕ್ಸ್‌ಪ್ರೆಶನ್ ಪೆಡಲಿಗೆ ಒಂದು ತೂತಿದೆ. ಪೆಡಲನ್ನು ಬೇರೆಯಾಗಿ ಕೊಳ್ಳಬೇಕು. ಅದನ್ನು ಬರೀ ಸಪ್ಪಳ ಏರಿಸಿ ಇಳಿಸಲು ಬಿಡದೆ, ಒಳಗಿನ ಫಿಲ್ಟರಿಗೂ ಕಟ್ಟಿದೆ. ನಿಜವಾದ ಪೇಟಿಯಲ್ಲಿ ಗಾಳಿ ಕಡಿಮೆಯಾದರೆ ದನಿ ಸಣ್ಣದಾಗುವುದಷ್ಟೇ ಅಲ್ಲ, ಮೊಂಡಾಗುತ್ತದೆ. ಗಾಳಿ ಹೆಚ್ಚಿದರೆ ಚೂಪಾಗುತ್ತದೆ. ಆ ಎರಡೂ ಪೆಡಲಿನಲ್ಲಿ ಒಟ್ಟಿಗೆ ಬರಬೇಕು. ಮೂರು ರಾತ್ರಿ ಪಾದಕ್ಕೆ ಉಸಿರಾಡುವುದನ್ನು ಕಲಿಸಿದೆ. ನಾಲ್ಕನೆಯ ದಿನ ನಮ್ಮ ಮೇಳದ ಪೇಟಿ ಮಾಸ್ತರರನ್ನು ಕರೆಸಿ, ಕಣ್ಣು ಮುಚ್ಚಿಸಿ ಒಂದು ಪದ ನುಡಿಸಿದೆ. ಅವರು ಪೂರ್ತಿ ಕೇಳಿದರು. "ಉಸಿರ ಬಂದೈತಿ. ಆದರ ಗಾಂಧಾರ ಚುಚ್ಚತೈತಲ್ಲೊ ತಮ್ಮಾ" ಎಂದರು.

ಅಲ್ಲಿಗೆ ಇಡೀ ಪತ್ರದ ಮೂಲ ಮಾತಿಗೆ ಬಂದೆ.

ಗಾಂಧಾರ ಯಾಕೆ ಚುಚ್ಚುತ್ತದೆ? ಯಂತ್ರ ಒಂದು ಸಪ್ತಕವನ್ನು ಹನ್ನೆರಡು ಸಮ ಭಾಗ ಮಾಡುತ್ತದೆ. ಸಪ್ತಕಕ್ಕೆ 1200 ಸೆಂಟ್, ಒಂದೊಂದು ಮೆಟ್ಟಿಲಿಗೆ 100. ಆ ಲೆಕ್ಕದಲ್ಲಿ ಶುದ್ಧ ಗಾಂಧಾರ 400ಕ್ಕೆ ಬರುತ್ತದೆ. ಆದರೆ ತಂಬೂರಿಯ ಖರ್ಜದ, ಅಂದರೆ ಕೆಳ ಷಡ್ಜದ, ತಂತಿ ಮೀಟಿ ಕಿವಿಗೊಟ್ಟರೆ ಷಡ್ಜದ ಹೊಟ್ಟೆಯೊಳಗಿಂದ ತಾನೇ ಒಂದು ಗಾಂಧಾರ ಏಳುತ್ತದೆ, ನಮ್ಮ ಹಿರಿಯರು ಸ್ವಯಂಭೂ ಗಾಂಧಾರ ಎನ್ನುವುದು. ಅದು 386ರಲ್ಲಿ ಇದೆ. ನಡುವಿನ ಅಂತರ 14 ಸೆಂಟ್. ಹಾಡುವವರ ಗಂಟಲು ತಂಬೂರಿಯ ಬೆನ್ನು ಹತ್ತುತ್ತದೆ, ಯಂತ್ರ ತನ್ನ ಲೆಕ್ಕದ ಬೆನ್ನು ಹತ್ತುತ್ತದೆ.

ಪೇಟಿಯನ್ನು ರಿಪೇರಿ ಮಾಡುವವರಿಗೆ ಇದು ಎಂದೋ ಗೊತ್ತು. ಗಾಂಧಾರ ಇಳಿಸಿಕೊಡಿ ಎಂದರೆ ಅವರು ಹಿತ್ತಾಳೆಯ ಸುರದ ಬುಡದಲ್ಲಿ ಚಾಕುವಿನ ತುದಿಯಿಂದ ನಾಲ್ಕು ಗೀರು ಎಳೆಯುತ್ತಾರೆ. ಬುಡ ತೆಳುವಾದರೆ ಸ್ವರ ಇಳಿಯುತ್ತದೆ, ತುದಿ ಹೆರೆದರೆ ಏರುತ್ತದೆ. ಒಂದೇ ತೊಡಕು: ಒಮ್ಮೆ ಹೆರೆದರೆ ಆ ಪೇಟಿ ಒಂದು ಷಡ್ಜಕ್ಕೆ ಕಟ್ಟುಬೀಳುತ್ತದೆ. ಕರೀ ಎರಡಕ್ಕೆ, ಅಂದರೆ ಎರಡನೆಯ ಕರೀ ಪಟ್ಟಿಯ ಷಡ್ಜಕ್ಕೆ, ಹೊಂದಿಸಿದ್ದರಲ್ಲಿ ಬಿಳೀ ನಾಲ್ಕರಿಂದ ಹಾಡುವ ಹೆಣ್ಣುಮಕ್ಕಳಿಗೆ ಸಾಥ್ ಕೊಟ್ಟರೆ ಬೇರೆಯೇ ಸ್ವರಗಳು ಬೇಸೂರಾಗುತ್ತವೆ.

ಈ ಜಗಳ ನಮ್ಮ ನೆರೆಯಲ್ಲೇ ನೂರು ವರ್ಷದ ಹಿಂದೆ ನಡೆದದ್ದು, ಗೆಳೆಯರೆ. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲ್ ನಿವೃತ್ತ ಡೆಪ್ಯುಟಿ ಕಲೆಕ್ಟರು. ಮೀರಜದಲ್ಲಿ ಮುಂದೆ ಮನೆ ಮಾಡಿದ ಖಾನ್‌ಸಾಹೇಬ ಅಬ್ದುಲ್ ಕರೀಂ ಖಾನರ ಹಾಡಿಕೆಯ ಸ್ವರಗಳನ್ನು ತಂತಿಯ ಮೇಲೆ ಅಳೆದು, 22 ಶ್ರುತಿಗಳ ಮೇಲೆ 1910ರಲ್ಲಿ ಪುಸ್ತಕ ಬರೆದರು. ಕ್ಲೆಮೆಂಟ್ಸ್ ಎಂಬ ಇಂಗ್ಲಿಷ್ ನ್ಯಾಯಾಧೀಶರು ಜೊತೆ ಸೇರಿ, 22 ಶ್ರುತಿಯ ಹಾರ್ಮೋನಿಯಂ ಅನ್ನೇ ಲಂಡನ್ನಿನ ಮೂರ್ ಅಂಡ್ ಮೂರ್ ಕಂಪನಿಯಿಂದ ಮಾಡಿಸಿದರು. 1916ರ ಬರೋಡಾ ಸಂಗೀತ ಪರಿಷತ್ತಿನಲ್ಲಿ ಅದರ ಮೇಲೆ ದೊಡ್ಡ ವಾದವೇ ಆಯಿತು, ವಾದ್ಯ ಬಳಕೆಗೆ ಹತ್ತಲಿಲ್ಲ. ಆದರೆ ಅವರು ಕೇಳಿದ ಪ್ರಶ್ನೆ ಸರಿಯಾಗಿತ್ತು. ಖಾನ್‌ಸಾಹೇಬರು 1937ರಲ್ಲಿ ತೀರಿಕೊಂಡರು, ಮೀರಜದ ದರ್ಗಾದಲ್ಲಿ ಮಲಗಿದ್ದಾರೆ. ಅಲ್ಲಿ ಇಂದಿಗೂ ಉರುಸಿನ ರಾತ್ರಿ ಸಂಗೀತಗಾರರು ಹಾಡಿ ಹೋಗುತ್ತಾರೆ.

ಈಗ ನನ್ನ ಪೆಟ್ಟಿಗೆಗೆ ಬನ್ನಿ. ಅದರಲ್ಲಿ ಸ್ವರದ ಅಳತೆ ಬದಲಿಸುವ ಒಂದು ಪುಟ ಇದೆ. ಮೆನುವಿನ ಮೂರು ಪದರ ಕೆಳಗೆ, ಯಾರೂ ಹೋಗದ ಓಣಿಯಲ್ಲಿ. ಅಲ್ಲಿ ಸಿದ್ಧ ಅಳತೆಗಳ ಪಟ್ಟಿಯಲ್ಲಿ "ಇಂಡಿಯನ್" ಎಂಬುದೂ ಕಂಡು ಹಿಗ್ಗಿದೆ. ಜೊತೆಗೆ ಬಂದ ಪುಸ್ತಕ ತೆರೆದು ನೋಡಿದರೆ ಅದು ಬಿಳೀ ಪಟ್ಟಿಗಳಿಗೆ ಮಾತ್ರ ಎಂದು ಬರೆದಿದೆ. ಬಿಳೀ ಒಂದರಿಂದ ಬಿಲಾವಲ್ ಹಾಡುವವರಿಗೆ ನಡೆದೀತು. ಬೆಳಗಿನ ಜಾವ ಭೈರವಿಯಲ್ಲಿ ಮಂಗಳ ಹಾಡುವವರ ನಾಲ್ಕು ಕೋಮಲ ಸ್ವರಗಳು ಎಲ್ಲಿಗೆ ಹೋಗಬೇಕು? ಹಾಗಾಗಿ ಸಿದ್ಧವಾದದ್ದನ್ನು ಬಿಟ್ಟು, ಖಾಲಿ ಪುಟದಲ್ಲಿ ನಾನೇ ಕೂಡಿಸಲು ಕೂತೆ.

ಮಗಳು ತಂಬೂರಿ ಹಿಡಿದು ನನ್ನ ಎದುರು ಕೂತಳು. ಕರೀ ಎರಡಕ್ಕೆ ಷಡ್ಜ. ಬೇಕೆಂದೇ ಮನೆಯ ಫ್ಯಾನು ಬಂದ್ ಮಾಡಿದೆವು. ನಾನು ಗಾಂಧಾರದ ಪಟ್ಟಿ ಒತ್ತಿ ಹಿಡಿದೆ. ತಂಬೂರಿಯ ಗಾಂಧಾರಕ್ಕೂ ಇದಕ್ಕೂ ತಿಕ್ಕಾಟ ಹತ್ತಿ, ಸೆಕೆಂಡಿಗೆ ಮೂರು ಸಲದಷ್ಟು ಅಲೆ ಏಳುತ್ತಿತ್ತು, ವ್ಹಾ ವ್ಹಾ ವ್ಹಾ ಎಂದು. ಒಂದೊಂದೇ ಸೆಂಟ್ ಇಳಿಸುತ್ತ ಹೋದೆ. ಐದಕ್ಕೆ ಅಲೆ ನಿಧಾನವಾಯಿತು. ಹತ್ತಕ್ಕೆ ಬಾವಿಯಲ್ಲಿ ಕೊಡ ಅಲುಗಿದಷ್ಟು. ಹನ್ನೆರಡು, ಹದಿಮೂರು. ಹದಿನಾಲ್ಕಕ್ಕೆ ಮಗಳು ಮೀಟುವುದನ್ನು ನಿಲ್ಲಿಸದೆ ತಲೆ ಎತ್ತಿದಳು. "ಅಪ್ಪಾ, ಈಗ ಗಾ ಸುಮ್ನಾತು."

ಅಷ್ಟೇ ಆದದ್ದು. ಆದರೆ ಕೊಲ್ಹಾಪುರದಿಂದ ತಂದ ಪೆಟ್ಟಿಗೆ ನನ್ನ ವಾದ್ಯವಾದದ್ದು ಆ ಹೊತ್ತಿಗೆ. ಆಮೇಲೆ ಧೈವತ 16 ಇಳಿಸಿದೆ, ನಿಷಾದ 12 ಇಳಿಸಿದೆ, ರಿಷಭ 4 ಏರಿಸಿದೆ, ಪಂಚಮ 2 ಏರಿಸಿದೆ, ಮಧ್ಯಮ 2 ಇಳಿಸಿದೆ. ಕೋಮಲ ಸ್ವರಗಳಿಗೆ ಇನ್ನೆರಡು ರಾತ್ರಿ ಹಿಡಿಯಿತು. ಧೈವತವನ್ನು ರಾಗ ನೋಡಿ ಬದಲಿಸಬೇಕಾಗುತ್ತದೆ, ಎಲ್ಲ ಕಡೆ ಒಂದೇ ಇಟ್ಟರೆ ನಡೆಯದು. ಕರೀ ಎರಡಕ್ಕೆ ಒಂದು, ಬಿಳೀ ನಾಲ್ಕಕ್ಕೆ ಒಂದು, ಕರೀ ಒಂದಕ್ಕೆ ಒಂದು ಹೀಗೆ ಬೇರೆಬೇರೆ ನೆನಪಿನ ಮನೆಗಳಲ್ಲಿ ಇಟ್ಟಿದ್ದೇನೆ. ಹಾಡುವವರು ಬದಲಾದರೆ ಒಂದು ಗುಂಡಿ ಒತ್ತಿದರೆ ಸಾಕು. ಹೆರೆದ ಪೇಟಿಗೆ ಆಗದಿದ್ದ ಕೆಲಸ ಇದು. ಕೀಬೋರ್ಡು ನುಡಿಸುವ ನಮ್ಮ ಕಡೆಯ ಹುಡುಗರು ಸಾವಿರ ಧ್ವನಿ ತಿರುವಿ ನೋಡುತ್ತಾರೆ, ಈ ಒಂದು ಪುಟಕ್ಕೆ ಯಾರೂ ಹೋಗುವುದಿಲ್ಲ. ಅವರ ಕೈ ಹಿಡಿದು ಅಲ್ಲಿಗೆ ಕರೆದೊಯ್ಯಬೇಕು ಎನಿಸುತ್ತದೆ.

ಇನ್ನೊಂದು ವಿಷಯಕ್ಕೆ ಬರುತ್ತೇನೆ, ಇದು ನಿಮ್ಮ ಮೇಳದ ದುಡ್ಡಿನ ವಿಷಯ. ಅಂಗಡಿಯಲ್ಲಿ ನಿಮಗೆ ಮೊದಲು ತೋರಿಸುವುದು ವರ್ಕ್‌ಸ್ಟೇಷನ್ ಅಲ್ಲ, ಅರೇಂಜರ್. ಎಡಗೈಯಲ್ಲಿ ಮೂರು ಪಟ್ಟಿ ಒತ್ತಿದರೆ ಡ್ರಮ್ಮು, ಬೇಸು, ಗಿಟಾರು ತಾವೇ ಹೊರಡುತ್ತವೆ. ಭಜನೆಯ ಠೇಕಾ, ಲಾವಣಿಯ ಠೇಕಾ ತುಂಬಿಸಿ ಕೊಡುವವರೂ ಇದ್ದಾರೆ. ಒಬ್ಬನೇ ಕೂತು ಹತ್ತು ಜನರ ಸಪ್ಪಳ ಮಾಡಬಹುದು. ಮದುವೆ ಮನೆಯವರಿಗೆ ಉಳಿತಾಯ. ಆದರೆ ಉಳಿದ ಆ ದುಡ್ಡು ಯಾರ ಮನೆಯದು? ತಬಲಾದವನದು, ಸಂಬಾಳದವನದು, ಡೊಳ್ಳಿನವನದು. ನಾನು ಬೇಕೆಂದೇ ಅರೇಂಜರ್ ಬಿಟ್ಟೆ. ವರ್ಕ್‌ಸ್ಟೇಷನ್ನಿನ ಸೀಕ್ವೆನ್ಸರಿನಲ್ಲೂ ಠೇಕಾ ಕಟ್ಟಬಹುದು, ಸುಳ್ಳಲ್ಲ. ಮನೆಯಲ್ಲಿ ಹಾಡು ಹೊಸೆಯುವಾಗ ನಾನೂ ಕಟ್ಟುತ್ತೇನೆ. ಆದರೆ ಜನರ ಮುಂದೆ ತಾಳ ಮನುಷ್ಯರ ಕೈಯಿಂದಲೇ ಬರಬೇಕೆಂದು ಗಟ್ಟಿ ಮಾಡಿಕೊಂಡಿದ್ದೇನೆ. ಹಾಡುವವರು ಉಸಿರಿಗಾಗಿ ಅರ್ಧ ಮಾತ್ರೆ ನಿಂತರೆ ತಬಲಾದವನು ನಿಲ್ಲುತ್ತಾನೆ. ಯಂತ್ರ ನಿಲ್ಲುವುದಿಲ್ಲ.

ಇದೇ ಮಾತಿಗೆ ಹೊಂದುವ ಒಂದು ಘಟನೆ. ಈ ಪೆಟ್ಟಿಗೆಗೆ ಹೊರಗಿನ ಧ್ವನಿಯನ್ನೂ ತುಂಬಬಹುದು. ನಮ್ಮ ಓಣಿಯ ಹಲಗಿ ಕಾಕಾನನ್ನು ಕೇಳಿಕೊಂಡೆ, ಸಂಭಾವನೆ ಕೊಟ್ಟು ಒಂದು ಸಂಜೆ ಕೂಡಿಸಿದೆ. ಕಾಕಾ ಅಂಗಳದಲ್ಲಿ ಜೋಳದ ದಂಟು ಉರಿಸಿ ಹಲಗಿ ಕಾಸಿದ. ತೊಗಲು ಬಿಗಿಯಾಗಿ ಟಣ್ ಎನ್ನತೊಡಗಿತು. ನಡುವೆ, ಅಂಚಿಗೆ, ಸಣ್ಣ ಕೋಲಿನಿಂದ, ಮೆಲ್ಲಗೆ, ನಡುಹದಕ್ಕೆ, ಜೋರಾಗಿ. ಒಂದೊಂದು ಪೆಟ್ಟನ್ನೂ ಬಿಡಿಬಿಡಿಯಾಗಿ ಹಿಡಿದುಕೊಂಡು, ಪಟ್ಟಿಗಳಿಗೆ ಹಂಚಿ, ಬೆರಳಿನ ವೇಗಕ್ಕೆ ಮೂರು ಪದರ ಮಾಡಿದೆ. ಎರಡು ದಿನದ ಮೇಲೆ ಕಾಕಾನಿಗೆ ನುಡಿಸಿ ತೋರಿಸಿದೆ. ಬಹಳ ಹೊತ್ತು ಕೇಳಿದ. ತಾನೂ ಒಂದು ಬೆರಳಿಂದ ಒತ್ತಿ ನೋಡಿದ. ಆಮೇಲೆ ಅಂದ: "ಸಪ್ಪಳ ನಂದ ಐತಿ, ಖರೆ. ಆದರ ನನ್ನ ಹಲಗಿ ರಾತ್ರಿ ಇಬ್ಬನಿ ಬಿದ್ದಂಗ ಇಳೀತೈತಿ. ಮತ್ತ ಬೆಂಕಿಗೆ ಹಿಡೀತೀವಿ, ಮತ್ತ ಏರತೈತಿ. ಇದು ಇಳಿಯಂಗೂ ಇಲ್ಲ, ಏರಂಗೂ ಇಲ್ಲ."

ಎಷ್ಟು ದೊಡ್ಡ ಮಾತು! ಜಾತ್ರೆಯ ರಾತ್ರಿ ನಡುವೆ ಹಲಗಿಯವರು ಬೆಂಕಿಯ ಸುತ್ತ ಕೂಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆ ಬಿಡುವಿನಲ್ಲೇ ಚಹಾ, ಅದರಲ್ಲೇ ಮುಂದಿನ ಪದದ ಮಾತು. ಅದೂ ಹಾಡಿನ ಭಾಗವೇ ಎಂದು ನನಗೆ ಹೊಳೆದದ್ದು ಕಾಕಾ ಹೇಳಿದ ಮೇಲೆ. ಆ ಧ್ವನಿ ಪೆಟ್ಟಿಗೆಯಲ್ಲಿ ಇದೆ, ತೆಗೆದಿಲ್ಲ. ಕಾಕಾನ ಹೆಸರಿನಲ್ಲೇ ಇಟ್ಟಿದ್ದೇನೆ. ವೇದಿಕೆಯ ಮೇಲೆ ಅದನ್ನು ನುಡಿಸುವುದಿಲ್ಲ.

ಹೊರಗೆ ಒಯ್ದ ಮೊದಲ ಕಾರ್ಯಕ್ರಮ ಚಿಕ್ಕೋಡಿ ಕಡೆಯ ಒಂದು ಊರಲ್ಲಿ. ನಮ್ಮ ಕಡೆ ನಿಮಗೆ ಗೊತ್ತಿದ್ದದ್ದೇ, ಮೊದಲು ವಚನ, ನಡುವೆ ಅಭಂಗ, ಕೊನೆಗೆ ಶ್ರೀಕೃಷ್ಣ ಪಾರಿಜಾತದ ಪದ, ಒಂದೇ ಮಂದಿ ಕನ್ನಡ, ಮರಾಠಿ ಎರಡೂ ಭಾಷೆಗೆ ತಲೆದೂಗುತ್ತಾರೆ. ಮೂರಕ್ಕೂ ಬೇರೆಬೇರೆ ಧ್ವನಿ ಸಾಲಾಗಿ ಜೋಡಿಸಿಟ್ಟಿದ್ದೆ. ಎಲ್ಲ ಚೆನ್ನಾಗಿ ನಡೆದಿತ್ತು. ಎರಡನೆಯ ಅಭಂಗದ ನಡುವೆ ಕರೆಂಟು ಕಣ್ಣು ಮಿಟುಕಿಸಿತು. ದೀಪಗಳು ಒಂದು ಕ್ಷಣ ಹೋಗಿ ಬಂದವು, ಅಷ್ಟೇ. ಆದರೆ ನನ್ನ ಪೆಟ್ಟಿಗೆ ಮಲಗಿ ಎದ್ದಿತು. ಇಪ್ಪತ್ತು ಸೆಕೆಂಡು. ವೇದಿಕೆಯ ಮೇಲೆ ಅದು ಎಷ್ಟು ಉದ್ದ ಎಂಬುದು ನುಡಿಸುವವರಿಗೇ ಗೊತ್ತು. ಪಕ್ಕದಲ್ಲಿ ಕೂತಿದ್ದ ಪೇಟಿ ಮಾಸ್ತರರು ನನ್ನ ಕಡೆ ನೋಡಲೂ ಇಲ್ಲ. ತಿದಿ ಎಳೆದು, ನಾನು ಬಿಟ್ಟ ಪಂಚಮವನ್ನೇ ಎತ್ತಿಕೊಂಡರು. ಕೇಳುವವರಿಗೆ ಏನೂ ತಿಳಿಯಲಿಲ್ಲ. ಮರುದಿನವೇ ಕಂಪ್ಯೂಟರಿಗೆ ಇಡುವ ಸಣ್ಣ ಯುಪಿಎಸ್ ತಂದೆ. ನೀವು ಯಾವುದನ್ನೇ ಕೊಂಡರೂ ಇದಕ್ಕೆ ದುಡ್ಡು ಎತ್ತಿಡಿ, ಪೇಟಿಯನ್ನಂತೂ ಮನೆಯಲ್ಲಿ ಬಿಟ್ಟು ಹೋಗಬೇಡಿ.

ಧೂಳಿನ ಬಗ್ಗೆಯೂ ಹೇಳಿಬಿಡುತ್ತೇನೆ. ನನ್ನ ಹಳೆಯ ಕೀಬೋರ್ಡನ್ನು ಒಂದು ವರ್ಷ ರಾಯಬಾಗ ತಾಲೂಕಿನ ಚಿಂಚಲಿಗೆ, ಮಾಯಕ್ಕನ ಜಾತ್ರೆಗೆ ಒಯ್ದಿದ್ದೆ. ಭಂಡಾರ ಹಾರುವ ಜಾತ್ರೆ ಅದು, ಆಕಾಶವೇ ಹಳದಿ. ಇಂದಿಗೂ ಅದರ ಪಟ್ಟಿ ಬಿಚ್ಚಿದರೆ ಸಂದಿನಲ್ಲಿ ಅರಿಶಿನ ಸಿಗುತ್ತದೆ. ಅವ್ವ ಅದನ್ನು ಒರೆಸಗೊಡಲಿಲ್ಲ. ಹೊಸದಕ್ಕೆ ಅಪ್ಪನ ಹಳೆಯ ಧೋತರದಿಂದ ಒಂದು ಗವಸು ಹೊಲಿದುಕೊಟ್ಟಿದ್ದಾಳೆ. ಹೆಗಲಿಗೆ ಹಾಕುವ ಪಟ್ಟಿಯನ್ನು ಅಥಣಿಯಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ತೊಗಲಿನಲ್ಲಿ ಮಾಡಿಸಿದೆ. ಅಂಗಡಿಯ ಚೀಲಕ್ಕಿಂತ ಗಟ್ಟಿ.

ಹಾಗಾದರೆ ಕೊಳ್ಳಬೇಕೋ ಬೇಡವೋ ಎಂದು ಕೇಳುತ್ತೀರಿ. ನಿಮ್ಮ ಮೇಳದಲ್ಲಿ ಈಗ ಒಂದು ಪೇಟಿ, ಒಂದು ತಬಲಾ, ತಾಳ. ಹೋದ ಸಲ ಕೇಳಿದಾಗ ಪೇಟಿಯ ಎರಡು ಸುರ ಸೋರುತ್ತಿದ್ದವು, ತಿದಿಯ ಒಂದು ಮೂಲೆ ಬಿರುಕು ಬಿಟ್ಟಿತ್ತು. ಮೊದಲು ಅದನ್ನು ಸರಿ ಮಾಡಿಸಿ, ಗಾಂಧಾರ ಇಳಿಸಿ ತನ್ನಿ. ಉಳಿದ ದುಡ್ಡನ್ನು ಹಾಗೇ ಇಡಿ. ಮೇಳದಲ್ಲಿ ಹಾಡು ಕಟ್ಟುವ ಹುಡುಗ ಹುಡುಗಿಯರು ಯಾರಾದರೂ ಇದ್ದರೆ, ಒಂದು ವಾರ ನಮ್ಮ ಮನೆಗೆ ಕಳಿಸಿ. ಊಟ ವಸತಿ ನಮ್ಮಲ್ಲೇ. ಈ ಪೆಟ್ಟಿಗೆಯ ಮುಂದೆ ಕೂಡಿಸುತ್ತೇನೆ, ತಂಬೂರಿಯನ್ನೂ ಕೈಗೆ ಕೊಡುತ್ತೇನೆ. ಗಾಂಧಾರ ಸುಮ್ಮನಾಗುವುದು ಅವರ ಕಿವಿಗೆ ತಿಳಿದರೆ, ಆಗ ಕೊಳ್ಳಿ, ಯಾವುದು ಬೇಕೆಂದು ಅವರೇ ಹೇಳುತ್ತಾರೆ.

ಒಂದು ಕೆಲಸ ನಿಮ್ಮಿಂದ ಆಗಬೇಕು. ನಿಮ್ಮ ಊರ ಗೋಂದಲಿಗರ ಸಂಬಾಳದ ಸಪ್ಪಳ ನನ್ನ ಕಿವಿಯಿಂದ ಹೋಗಿಲ್ಲ, ಅದರ ಎಡಬದಿಯ ಗುಮುರು ನಮ್ಮ ಕಡೆ ಸಿಗುವುದಿಲ್ಲ. ಅವರನ್ನು ಕೇಳಿ, ಅವರು ಒಪ್ಪಿದರೆ ಮಾತ್ರ, ಬಿಡಿಬಿಡಿಯಾಗಿ ಹತ್ತು ಪೆಟ್ಟು ರೆಕಾರ್ಡು ಮಾಡಿ ಕಳಿಸಿ. ಸಂಭಾವನೆ ಎಷ್ಟೆಂದು ಅವರೇ ಹೇಳಲಿ, ಕಳಿಸುತ್ತೇನೆ. ವಾಟ್ಸಾಪಿನ ಧ್ವನಿ ಸಂದೇಶವಾಗಿ ಬೇಡ, ಅದು ದನಿಯನ್ನು ಹಿಂಡಿಬಿಡುತ್ತದೆ. ಡಬ್ಲ್ಯುಎವಿ ಫೈಲಾಗಿ ಪೆನ್‌ಡ್ರೈವಿನಲ್ಲಿ ಹಾಕಿ, ಮೀರಜದ ಕಡೆ ಬರುವವರ ಕೈಯಲ್ಲಿ ಕೊಡಿ. ಬಾರಿಸುವ ಮುಂಚೆ ಅವರು ತೊಗಲು ಕಾಸುತ್ತಾರಲ್ಲ, ಆಗಲೂ ರೆಕಾರ್ಡು ಚಾಲೂ ಇರಲಿ. ಬೆಂಕಿಯ ಚಟಚಟ, ಅವರ ಮಾತು ಬಿದ್ದರೂ ಪರವಾಗಿಲ್ಲ.



ನಿಮ್ಮ ಗೆಳೆಯ,
ಕಾಗವಾಡದಿಂದ